ತಮಟೆಗೆ ಹೋದ ಕೈ

ಧೈರ್ಯದ ವಿಷಯಕ್ಕೆ ಬಂದರೆ, ನನ್ನ ಹೆಸರು ಕೇಳಿದ ಕೂಡಲೇ ನಮ್ಮೂರಿನ ಹುಲಿಗಳು ಬಾಲ ಮಡಚಿಕೊಂಡು ಓಡುತ್ತವೆ. ನಮ್ಮೂರಿನಲ್ಲಿ ಹುಲಿಗಳೇ ಇಲ್ಲವಲ್ಲ ಎನ್ನುವವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ಯಾಕಿಲ್ಲ ಹೇಳಿ ನೋಡೋಣ? ನಾನು ಮುದ್ದುರಂಗ ಶೆಟ್ಟಿ, ಬಳೆ ವ್ಯಾಪಾರಿ. ಪೇಟೆ ಬೀದಿಯ ಮೂಲೆಯಲ್ಲಿ ನನ್ನ ಅಂಗಡಿ. ಆನೆಯ ಸೊಂಡಿಲಿಗೆ ಕೂಸಿನ ಬಳೆ ತೊಡಿಸು ಎಂದರೂ ಒಂದು ಗೀರೂ ಆಗದಂತೆ ತೊಡಿಸಬಲ್ಲೆ. ಅಂಥವನು ಒಂದು ಮಧ್ಯಾಹ್ನ ನಡುಬೀದಿಯಲ್ಲಿ ಕಾಲು ನಡುಗಿ ನಿಂತುಬಿಟ್ಟೆ ಎಂದರೆ ನೀವು ನಂಬಲಾರಿರಿ. ನಾನೂ ನಂಬುತ್ತಿರಲಿಲ್ಲ, ಆದರೆ ನಡುಗಿದ ಕಾಲು ನನ್ನದೇ ಆಗಿತ್ತು.

ನಮ್ಮೂರಿನಲ್ಲಿ ಗೋಡೆಗೆ ಮೊಳೆ ಹೊಡೆಯುವ ಮುನ್ನ "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೇಳುವುದು ರೂಢಿ. ಕೇಳಿ, ಬೆರಳ ತುದಿಯಿಂದ ಸವರಿ, ಗೋಡೆ ಜುಮ್ಮೆಂದು ನಡುಗದಿದ್ದರೆ ಮಾತ್ರ ಸುತ್ತಿಗೆ ಎತ್ತುತ್ತಾರೆ. ಇಲ್ಲಿ ಮೈಯ ಯಾವ ಭಾಗ ಮರಗಟ್ಟಿದರೂ ಅದರ ಸ್ಪರ್ಶ ತಾನು ಕೊನೆಗೆ ಮುಟ್ಟಿದ ವಸ್ತುವಿಗೆ ಹೋಗಿ ಕೂರುತ್ತದೆ. ಜೋಮು ಬಿಟ್ಟಾಗ, ಅಲ್ಲಿ ಕಂಡುಂಡದ್ದನ್ನೆಲ್ಲ ಹೊತ್ತುಕೊಂಡು ವಾಪಸು ಬರುತ್ತದೆ. ಅದಕ್ಕೇ ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಚಾಪೆ ತುಳಿಯುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂತವರ ಕಾಲು ಎಷ್ಟು ಹೊತ್ತಿಗೆ ಚಾಪೆಗೆ ಇಳಿದಿರುತ್ತದೋ ಯಾರಿಗೆ ಗೊತ್ತು?

ಹಳೆಯ ಕಾಲದಲ್ಲಿ ಇಷ್ಟೇ ಇತ್ತು, ಕಾಲು ಜೋಮು ಹಿಡಿಯುವುದು, ಬಿಡುವುದು. ಆಮೇಲೆ ಡಾಕ್ಟರಮ್ಮ ಬಂದರು. ಅವರ ಜೊತೆ ಒಂದು ಮುಲಾಮು ಬಂತು. ಹಚ್ಚಿ ಮೇಲೆ ತೆಳು ಪ್ಲಾಸ್ಟಿಕ್ ಮುಚ್ಚಿ ಒಂದು ಗಂಟೆ ಕೂತರೆ ಚರ್ಮ ಮರಗಟ್ಟುತ್ತದೆ. ಮಕ್ಕಳಿಗೆ ಸೂಜಿ ಚುಚ್ಚುವಾಗ, ಕೂಸಿನ ಕಿವಿ ಚುಚ್ಚಿಸುವಾಗ, ನರುಳ್ಳೆ ತೆಗೆಸುವಾಗ ಎಲ್ಲರಿಗೂ ಅದೇ ಬೇಕು. ಊರಿನವರು ಅದಕ್ಕೆ ಜೋಮಿನ ಮುಲಾಮು ಎಂದು ಹೆಸರಿಟ್ಟರು. ಬಾಯಿಹುಣ್ಣಿಗೆ ಸವರಿಕೊಳ್ಳುವ ಅದರದೇ ತಮ್ಮನಂಥದ್ದೂ ಒಂದಿತ್ತು. ನಮ್ಮ ಹೆಡ್‌ಮಾಸ್ಟರು ಅದನ್ನು ಸವರಿಕೊಂಡು, ತಡೆಯಲಾರದೆ ಹೋಟೆಲಿನಲ್ಲಿ ಒಂದು ಗುಟುಕು ಚಹಾ ಕುಡಿದು ಲೋಟ ಇಟ್ಟು ಹೋದರು. ಅವತ್ತು ಆ ಲೋಟದಲ್ಲಿ ಊರಿನ ಅರ್ಧ ಗಂಡಸರು ಚಹಾ ಕುಡಿದಿದ್ದರು. ಸಂಜೆ ಕ್ಲಾಸಿನಲ್ಲಿ ಪಾಠ ಮಾಡುವಾಗ ಹೆಡ್‌ಮಾಸ್ಟರ ತುಟಿಗೆ ಜೀವ ಬಂತು. ಅಷ್ಟು ಜನರ ಮೀಸೆಯೂ ಒಟ್ಟಿಗೆ ಬಂತು. ಅವರು ಇವತ್ತಿಗೂ ಹೋಟೆಲಿನ ಮುಂದೆ ತಲೆ ಎತ್ತಿ ನಡೆಯುವುದಿಲ್ಲ.

ಇದು ನಗುವ ಕಥೆ. ನಗಲಾರದ್ದೂ ಒಂದಿದೆ. ಕಿರಾಣಿ ಅಂಗಡಿಯ ಚಿನ್ನಸ್ವಾಮಿ ಹಿಮ್ಮಡಿಯ ಆಣಿ ಕೊಯ್ಸಿಕೊಳ್ಳಲು ಮುಲಾಮು ಹಚ್ಚಿ, ಕಾಲನ್ನು ಒಂದು ತೆಂಗಿನಕಾಯಿಯ ಮೇಲೆ ಚಾಚಿ ಕೂತಿದ್ದ. ಯಾರೋ ಗಿರಾಕಿ ಆ ಕಾಯಿ ಒಯ್ದು ಒಡೆದರು. ಅವನ ಹಿಮ್ಮಡಿ ವಾಪಸು ಬರಲೇ ಇಲ್ಲ. ಹೋದ ವರ್ಷ ಒಲೆಯಿಂದ ಬಿದ್ದ ಕೆಂಡದ ಮೇಲೆ ನಿಂತು ಹರಟೆ ಹೊಡೆಯುತ್ತಿದ್ದ. ಪಕ್ಕದವರಿಗೆ ವಾಸನೆ ಬಂದಾಗಲೇ ಗೊತ್ತಾದದ್ದು. ಅಂದಿನಿಂದ ಡಾಕ್ಟರಮ್ಮ ಆಸ್ಪತ್ರೆಯ ಜಗಲಿಯಲ್ಲಿ ಹೊಳೆಯ ಗುಂಡುಕಲ್ಲುಗಳನ್ನು ತಂದಿಟ್ಟಿದ್ದಾರೆ. ಮುಲಾಮು ಹಚ್ಚಿಕೊಂಡವರು ಕಲ್ಲು ಹಿಡಿದು ಅಲ್ಲಾಡದೆ ಕೂರಬೇಕು. ಪ್ಲಾಸ್ಟಿಕ್ಕಿನ ಮೇಲೆಯೇ ಹಿಡಿದರೂ ಸಾಕು, ಸ್ಪರ್ಶ ಕಲ್ಲಿಗಿಳಿದು ಕ್ಷೇಮವಾಗಿರುತ್ತದೆ.

ನನ್ನ ಕೈಯಲ್ಲಿ ಬಳೆ ಒಡೆಯುವುದಿಲ್ಲ, ಅದು ಜಗತ್ತಿಗೇ ಗೊತ್ತಿರುವ ಸಂಗತಿ. ಆದರೆ ಒಂದು ಸೀಮಂತದ ಮನೆಯಲ್ಲಿ ಬಸುರಿ ಹುಡುಗಿ ಸೀನಿದಳು. ಎಂಥ ಸೀನು ಅಂದರೆ, ದೇವರಮನೆಯ ದೀಪ ಆರಿತು, ಹಟ್ಟಿಯ ಎಮ್ಮೆ ಹಗ್ಗ ಕಿತ್ತಿತು. ಹಸಿರು ಗಾಜಿನ ಬಳೆ ಚಟ್ಟೆಂದು ಒಡೆದು ಅದರ ಚೂರು ನನ್ನ ಬಲಗೈ ಹೆಬ್ಬೆರಳಿನ ಬುಡದ ಮಾಂಸದೊಳಕ್ಕೆ ನುಗ್ಗಿತು. ನಾನು ನಕ್ಕು ಸುಮ್ಮನಾದೆ. ಅಂಗೈ ಊದಿ, ಕೆಂಪಾಗಿ, ಕೀವು ತುಂಬಿದಾಗಲೂ ನಗುತ್ತಲೇ ಇದ್ದೆ. ಕೊನೆಗೆ ನನ್ನ ಹೆಂಡತಿ ತಿರುಮಲಮ್ಮ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಒಂದು ಸಣ್ಣ ಕೊಯ್ತ ಕೊಟ್ಟು ಚೂರು ತೆಗೀತೀನಿ ಶೆಟ್ರೇ," ಎಂದರು ಡಾಕ್ಟರಮ್ಮ.

"ಮುಲಾಮು ಬೇಡ ಬಿಡಿ. ಹಾಗೇ ಕೊಯ್ದುಬಿಡಿ, ನಾನು ಹಾಡು ಹೇಳ್ತಿರ್ತೀನಿ," ಎಂದೆ. ಅಷ್ಟರಲ್ಲಿ ಟ್ರೇಯೊಳಗಿನ ಚಾಕು ಕಣ್ಣಿಗೆ ಬಿತ್ತು. "ಆದ್ರೂ... ನಿಮ್ಮ ಸಮಾಧಾನಕ್ಕೆ ಬೇಕಾದ್ರೆ ಹಚ್ಚೋಣ."

ತಿರುಮಲಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

ಡಾಕ್ಟರಮ್ಮ ಟ್ಯೂಬು ಕೊಟ್ಟು ಸ್ಪಷ್ಟವಾಗಿ ಹೇಳಿದರು, "ಒಂದು ಅವರೆಕಾಳಿನಷ್ಟು, ಗಾಯದ ಸುತ್ತ ಮಾತ್ರ. ಹೆಚ್ಚು ಬಳಿದು ಪ್ಲಾಸ್ಟಿಕ್ ಸುತ್ತಿದ್ರೆ ರಕ್ತಕ್ಕಿಳಿಯುತ್ತೆ, ಎದೆಗೆ ತಲೆಗೆ ಹೋಗುತ್ತೆ. ಇದು ಆಟದ ಸಾಮಾನಲ್ಲ. ಕಲ್ಲು ಹಿಡ್ಕೊಂಡು ಕೂತಿರಿ."

ಹೆಂಡತಿ ತರಕಾರಿ ತರಲು ಹೋದಳು. ನಾನು ಜಗಲಿಯಲ್ಲಿ ಒಬ್ಬನೇ ಕೂತು ಯೋಚಿಸಿದೆ. ಅವರೆಕಾಳಿನಷ್ಟೇ? ನಾನೇನು ಗುಬ್ಬಚ್ಚಿಯೇ? ಚಾಕು ಜಾರಿ ಮಣಿಕಟ್ಟಿಗೆ ಬಂದರೆ? ಮೊಣಕೈಗೆ ಬಂದರೆ? ಆ ಚಾಕು ನೋಡಿದ್ದೆನಲ್ಲ, ಅದು ಎಲ್ಲಿಗೆ ಬೇಕಾದರೂ ಬರುವಂಥದ್ದು. ಅಂಗೈಯಿಂದ ಶುರು ಮಾಡಿ ಹೆಗಲಿನವರೆಗೂ, ಟ್ಯೂಬು ಚಪ್ಪಟೆಯಾಗಿ ಸುರುಳಿಯಾಗುವವರೆಗೂ ಬಳಿದೆ. ಬಳೆ ಕಟ್ಟುವ ಪ್ಲಾಸ್ಟಿಕ್ಕನ್ನು ಚೀಲದಿಂದ ತೆಗೆದು ಉದ್ದಕ್ಕೂ ಸುತ್ತಿದೆ. ಆಮೇಲೆ ಕಲ್ಲು ಹಿಡಿದು ಮಹಾರಾಜನಂತೆ ಕೂತೆ.

ಆಗ ತಮಟೆ ಬಾರಿಸುವ ಹೊಂಬಾಳಯ್ಯ ಬಂದ. ಎಲ್ಲಿಗೋ ಹೊರಟವನು ಬೀಡಿ ಹಚ್ಚಲು ನೆರಳಿಗೆ ನಿಂತ. ನನ್ನನ್ನು ನೋಡಿ ಬೀಡಿ ಹಚ್ಚುವುದನ್ನೇ ಮರೆತ.

"ಏನ್ ಶೆಟ್ರೇ, ಕೈನ ಪಾರ್ಸಲ್ ಮಾಡಿ ಯಾವೂರ್ಗೆ ಕಳಿಸ್ತಿದ್ದೀರಿ?"

"ಯಾವೂರಿನವರು ಕೇಳ್ತಾರೋ ಅವರಿಗೆ. ಈ ಕೈಗೆ ಬೇಡಿಕೆ ಎಷ್ಟಿದೆ ಗೊತ್ತೇನಯ್ಯ ನಿನಗೆ?"

"ಬಳೆ ತೊಡ್ಸೋಕೆ ಸರಿ. ಅದ್ರಲ್ಲಿ ಒಂದು ತಮಟೆ ಏಟು ಹಾಕ್ಸಿ ನೋಡಾನ, ಕೈ ಕೂಸು ಅತ್ತಂಗೆ ಅಳ್ತದೆ."

ನನಗೆ ಹೀಗಂದು ದಕ್ಕಿಸಿಕೊಂಡವರಿಲ್ಲ. ಕಲ್ಲನ್ನು ಪಕ್ಕಕ್ಕಿಟ್ಟೆ. ಮುಲಾಮು ಹಚ್ಚಿ ಇನ್ನೂ ಎಷ್ಟು ಹೊತ್ತಾಯಿತು ಮಹಾ! ಅವನ ತಮಟೆಯನ್ನು ಇಸಿದುಕೊಂಡು ತೊಡೆಯ ಮೇಲೆ ಮಲಗಿಸಿದೆ. ಬಲಗೈಯನ್ನು ಅಂಗೈಯಿಂದ ಹೆಗಲಿನವರೆಗೂ ಅದರ ಚರ್ಮದ ಮೇಲೆ ಹಾಸಿ ಅಪ್ಪಿಕೊಂಡು, ಎಡಗೈಯಲ್ಲಿ ತಾಳ ಹಾಕಿ ಒಂದು ಕಥೆ ಹೇಳಿದೆ. ಕಥೆ ಸ್ವಲ್ಪ ಉದ್ದವಾಯಿತು. ನನ್ನ ಕಥೆಗಳು ಉದ್ದವೇ. ಹೊಂಬಾಳಯ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡು ತಮಟೆ ಹೆಗಲಿಗೇರಿಸಿ ಹೋದ. ನಾನು ಕಲ್ಲನ್ನು ಮತ್ತೆ ಹಿಡಿದೆ. ಮೊದಲು ತಣ್ಣಗಿದ್ದ ಕಲ್ಲು ಈಗ ತಣ್ಣಗಿರಲಿಲ್ಲ. ಬಿಸಿಲಿಗೆ ಕಾದಿರಬೇಕು ಅಂದುಕೊಂಡೆ.

ಡಾಕ್ಟರಮ್ಮ ಹೊರಗೆ ಬಂದು ನನ್ನ ತೋಳು ನೋಡಿದವರೇ ಬಾಯಿಗೆ ಕೈಯಿಟ್ಟರು. ಪ್ಲಾಸ್ಟಿಕ್ ಹರಿದು, ತೋಳು ತೊಳೆದು, ನನ್ನನ್ನು ಮಂಚದ ಮೇಲೆ ಕೆಡವಿದರು. "ತುಟಿ ಚುಮುಚುಮು ಅಂತಿದ್ಯಾ? ಕಿವಿ ಗುಯ್ಯ್ ಅಂತಿದ್ಯಾ?" ಎಂದು ಕೇಳಿದರು. ಎರಡೂ ಹೌದು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ತಲೆಯ ಮೇಲಿನ ಮಾಡು ಮೆಲ್ಲಗೆ ತಿರುಗುತ್ತಿತ್ತು. ನಾಡಿ ಹಿಡಿದು ಅವರು ಬಹಳ ಹೊತ್ತು ನನ್ನ ಪಕ್ಕದಲ್ಲೇ ಕೂತರು. ಅವರ ಮುಖದಲ್ಲಿದ್ದ ಭಯ ನನ್ನ ಮುಖಕ್ಕೂ ಬರುವಷ್ಟರಲ್ಲಿ ಮಾಡು ನಿಂತಿತು, ಕಿವಿ ತಿಳಿಯಾಯಿತು. ಆಮೇಲೆ ಅಂಗೈ ಕೊಯ್ದರು. ಹಸಿರು ಚೂರು ಬಟ್ಟಲಿಗೆ ಬಿದ್ದ ಸದ್ದು ಕೇಳಿತು ಅಷ್ಟೇ. ಹೊಲಿಗೆ ಹಾಕಿ ಕಟ್ಟು ಕಟ್ಟಿದರು. "ನೋಡಿದ್ರಾ, ಕಣ್ಣು ಕೂಡ ಮಿಟುಕಿಸಲಿಲ್ಲ!" ಎಂದೆ. ದೂರದಲ್ಲೆಲ್ಲೋ ತಮಟೆ ಮೊಳಗುತ್ತಿತ್ತು. ಒಳ್ಳೆಯ ತಾಳ. ಮಲಗಿದಲ್ಲೇ ಕಾಲಿನ ಹೆಬ್ಬೆರಳು ಕುಣಿಸಿದೆ.

ಡಾಕ್ಟರಮ್ಮ ಒಂದು ನವಿಲುಗರಿ ತೆಗೆದುಕೊಂಡು ನನ್ನ ಕಲ್ಲನ್ನು ಸವರಿದರು. ಸ್ಪರ್ಶ ಸರಿಯಾಗಿ ಇಳಿದಿದೆಯೇ ಎಂದು ನೋಡುವುದು ಹಾಗೆ. ಕಲ್ಲು ನಡುಗಬೇಕಿತ್ತು. ನಡುಗಲಿಲ್ಲ. ಮತ್ತೆ ಸವರಿದರು. ಕಲ್ಲು ಕಲ್ಲಾಗಿಯೇ ಇತ್ತು.

"ಶೆಟ್ರೇ, ನಿಮ್ಮ ಕೈ ಇದರಲ್ಲಿಲ್ಲ."

ಬಾಗಿಲಲ್ಲಿ ತಿರುಮಲಮ್ಮ ನಿಂತಿದ್ದಳು. "ಏನ್ ಮುಟ್ಟಿದ್ರೀ?" ಎಂದಳು. "ರೀ, ನೆಪ್ಪು ಮಾಡ್ಕೊಳ್ಳಿ, ಏನ್ ಮುಟ್ಟಿದ್ರಿ ಕೊನೆಗೆ?"

ನಾನು ಬಾಯಿ ತೆರೆದೆ. ಕಿಟಕಿಯಿಂದ ತಮಟೆಯ ಸದ್ದು ಬಂತು, ಒಂದರ ಹಿಂದೆ ಒಂದು, ಉಸಿರಾಡಲು ಬಿಡದಂತೆ. ನನ್ನ ಕಾಲಿನ ಹೆಬ್ಬೆರಳು ನಿಂತುಹೋಯಿತು. "ತಮಟೆ," ಎಂದೆ.

ಡಾಕ್ಟರಮ್ಮ ಬೇಗ ಬೇಗ ಹೇಳಿದರು. ತಮಟೆಯನ್ನು ಈಗಲೇ ನಿಲ್ಲಿಸಿ ಮೆತ್ತನೆ ಬಟ್ಟೆಯಲ್ಲಿಟ್ಟರೆ, ಈವರೆಗೆ ಬಿದ್ದ ಏಟುಗಳ ನೋವಷ್ಟೇ ಬರುತ್ತದೆ. ಬಾರಿಸುತ್ತಲೇ ಹೋದರೆ ಎಲ್ಲ ಏಟೂ ಬರುತ್ತವೆ. ಆದರೆ ಚರ್ಮ ಹರಿದುಹೋದರೆ ಏನೂ ಬರುವುದಿಲ್ಲ. ಭುಜದಿಂದ ಕೆಳಗೆ ಕೈ ಕೊರಡು. ಚಿನ್ನಸ್ವಾಮಿಗೆ ಒಂದು ಹಿಮ್ಮಡಿ ಹೋಯಿತು, ಅವನು ಕೂತು ಬೆಲ್ಲ ತೂಗುತ್ತಾನೆ. ನನಗೆ ಈ ಕೈ ಹೋದರೆ? ಹೆಂಗಸಿನ ಕೈಗಂಟಿನ ಎಲುಬು ಎಲ್ಲಿ ಬಗ್ಗುತ್ತದೆ, ಎಲ್ಲಿ ಬಗ್ಗುವುದಿಲ್ಲ ಎಂದು ತಿಳಿಯದ ಕೈ ಗಾಜಿನ ಬಳೆ ಒತ್ತಿದರೆ ರಕ್ತ ಬರುತ್ತದೆ. ಅಂಗಡಿ ಮುಚ್ಚಬೇಕು. ಬಾಯೊಂದೇ ಉಳಿಯುತ್ತದೆ. ಬಾಯನ್ನು ಯಾರು ಕೊಳ್ಳುತ್ತಾರೆ?

ಬೀದಿಗೆ ಬಂದೆವು. ಆಗಲೇ ನನ್ನ ಕಾಲು ನಡುಗಿದ್ದು. ತೋಳು ಯಾರದೋ ಎನ್ನುವಂತೆ ಪಕ್ಕದಲ್ಲಿ ಜೋಲಾಡುತ್ತಿತ್ತು; ತಿರುಮಲಮ್ಮ ಅದನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು. ಅವಳು ಹಿಡಿದದ್ದು ಕಾಣುತ್ತಿತ್ತೇ ಹೊರತು ತಿಳಿಯುತ್ತಿರಲಿಲ್ಲ. ಮೂರುದಾರಿ ಕೂಡುವಲ್ಲಿ ಹುಲ್ಲು ಸುಟ್ಟ ಬೂದಿ ಇತ್ತು, ಇನ್ನೂ ಹೊಗೆಯಾಡುತ್ತಿತ್ತು. ತಮಟೆಯ ಚರ್ಮ ಬಿಗಿಯಾಗಲೆಂದು ಬೆಂಕಿಗೆ ಹಿಡಿಯುತ್ತಾರಲ್ಲ, ಅದು. ನಾನು ಬೂದಿಯನ್ನು ದಾಟಲಾರದೆ ನಿಂತೆ.

"ನನ್ನನ್ನ ಸುಟ್ಟಿದ್ದಾರೆ ಕಣೇ," ಎಂದೆ.

"ಕಾಯಿಸಿದ್ದಾರೆ ಅಷ್ಟೇ. ನಡೀರಿ."

"ಬೆಂದಿದ್ರೆ?"

"ಬೆಂದಿದ್ರೆ ಬೆಣ್ಣೆ ಹಚ್ತೀನಿ. ಮೊದ್ಲು ನಡೀರೀ ಮಾರಾಯ್ರೇ, ಬಾರಿಸ್ತಾವ್ರೆ ಅಲ್ಲಿ!"

ಕೆರೆ ಏರಿಯ ಮೇಲೆ ಅವರು ಸಿಕ್ಕರು. ಹೆಣದ ಮೆರವಣಿಗೆ. ಮೆರವಣಿಗೆ ಅನ್ನುವಂಥದ್ದೇನೂ ಅಲ್ಲ. ಚಟ್ಟ ಹೊತ್ತ ನಾಲ್ವರು, ಮುಂದೆ ಹೊಂಬಾಳಯ್ಯ, ಹಿಂದೆ ಒಬ್ಬಳೇ ಹೆಂಗಸು ಸಾಕಮ್ಮ. ಚಟ್ಟದ ಮೇಲಿದ್ದವಳು ಅವಳ ತಾಯಿ ದೊಡ್ಡತಾಯಮ್ಮ, ಪೇಟೆ ಬೀದಿ ಗುಡಿಸುತ್ತಿದ್ದವಳು. ಬೆಳಗ್ಗೆ ಹೋದಳಂತೆ. ನನ್ನ ಅಂಗಡಿಯ ಮುಂದೆ ಒಡೆದು ಬಿದ್ದ ಗಾಜನ್ನು ಬೇರೆ ಯಾರ ಕಾಲಿಗೂ ಹತ್ತದಂತೆ ಒಂದೊಂದಾಗಿ ಆರಿಸುತ್ತಿದ್ದದ್ದು ಅವಳೇ.

"ನಿಲ್ಸು! ಹೊಂಬಾಳಣ್ಣ, ನಿಲ್ಸು!" ತಿರುಮಲಮ್ಮ ಕೂಗಿದಳು.

ಅವನು ಕೋಲು ತಡೆದ. ವಿಷಯ ಕೇಳಿ ಅವನ ಮುಖದ ಬಣ್ಣವೇ ಹೋಯಿತು. "ಕೇಳ್ದೆ ಶೆಟ್ರೇ. ನಮ್ಮಪ್ಪನಾಣೆ, ಬಾರಿಸೋಕೆ ಮುಂಚೆ ಮೂರು ಸಲ ಕೇಳ್ದೆ, ಒಳಗ್ಯಾರಾದ್ರೂ ಇದ್ದೀರಾ ಅಂತ. ನಡುಗ್ತು. ಆದ್ರೆ ಬೆಂಕಿಗೆ ಹಿಡ್ದ ತಮಟೆ ನಡುಗ್ದೆ ಇರ್ತದಾ? ಬಿಸಿಗೆ ಅಂದ್ಕಂಡೆ."

ನಾನು ತಮಟೆಯನ್ನು ನೋಡಿದೆ. ಅಂಚಿನ ಬಳಿ ಕೂದಲೆಳೆಯಂಥ ಬಿರುಕೊಂದು ಶುರುವಾಗಿತ್ತು.

"ಬೇರೆ ತಮಟೆ ಇಲ್ವಾ?" ತಿರುಮಲಮ್ಮ ಕೇಳಿದಳು.

"ಊರಿಗೆಲ್ಲ ಇದೊಂದೇ ಕಣಕ್ಕ."

ಸಾಕಮ್ಮ ಹತ್ತಿರ ಬಂದಳು. ಕಣ್ಣು ಒಣಗಿತ್ತು. "ಅವ್ವ ಜೀವಮಾನದಲ್ಲಿ ಯಾರ್ನೂ ಏನೂ ಕೇಳ್ದೋಳಲ್ಲ ಶೆಟ್ಟಣ್ಣ. ಸಾಯೋವಾಗ ಒಂದೇ ಅಂದ್ಲು, ನನ್ನ ಸದ್ದಿಲ್ದೆ ಕಳಿಸ್ಬೇಡ ಅಂತ. ಆದ್ರೆ ಅದು ನಿಮ್ಮ ಕೈ. ನಿಲ್ಸು ಅನ್ನಿ, ನಿಲ್ಸ್ತಾನೆ. ಹಿಂಗೇ ಹೊತ್ಕೊಂಡು ಹೋಗ್ತೀವಿ."

ನಿಲ್ಲಿಸಯ್ಯ ಎನ್ನಲೆಂದೇ ನಾನು ಅಲ್ಲಿಯವರೆಗೆ ಓಡಿಬಂದದ್ದು. ಮಾತು ನಾಲಿಗೆಯ ತುದಿಯಲ್ಲಿತ್ತು. ಬಿರುಕಿನದ್ದೊಂದೇ ಅಲ್ಲ, ಇನ್ನೊಂದು ಭಯವೂ ಇತ್ತು, ಅದನ್ನು ಯಾರೂ ಆಡಲಿಲ್ಲ. ನಮ್ಮೂರಿನಲ್ಲಿ ಗುಂಡಿಗಿಳಿಸುವ ಮುನ್ನ ತಮಟೆಯನ್ನು ನಿಲ್ಲಿಸುವುದು ಸತ್ತವರೇ. ಅವರ ಬಲಗೈಯನ್ನು ಎತ್ತಿ ತಮಟೆಯ ಚರ್ಮದ ಮೇಲೆ ಇಡುತ್ತಾರೆ. ಸದ್ದು ಅಲ್ಲಿಗೆ ಮುಗಿಯುತ್ತದೆ. ಅಂದರೆ ಏಟುಗಳೆಲ್ಲ ಬಂದ ಮೇಲೆ ಕೊನೆಯದಾಗಿ ನನ್ನ ತೋಳಿಗೆ ಬರುವುದು ಆ ಕೈ.

ಹೊಂಬಾಳಯ್ಯ ಕೋಲು ಹಿಡಿದು ಕಾಯುತ್ತಿದ್ದ. ಹೊತ್ತವರು ಹೆಗಲು ಬದಲಾಯಿಸಿದರು. ಏರಿಯ ಮೇಲೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಚಟ್ಟದ ಬಿದಿರು ಕಿರುಗುಟ್ಟಿದ್ದು ಕೇಳಿತು. ನನಗೆ ಮೌನ ತಡೆಯುವುದಿಲ್ಲ, ಹುಟ್ಟಿನಿಂದ ತಡೆದದ್ದಿಲ್ಲ. ಇಷ್ಟು ಮೌನದಲ್ಲಿ ಒಬ್ಬ ಹೆಂಗಸನ್ನು ಹೊತ್ತುಕೊಂಡು ಹೋಗುವುದೆಂದರೆ!

"ಬಾರಿಸಯ್ಯ," ಎಂದುಬಿಟ್ಟೆ.

"ಮೆತ್ತಗೆ ಬಾರಿಸ್ತೀನಿ ಬುಡಿ, ಬೆರಳಲ್ಲಿ..."

"ಮೆತ್ತಗೆ ಯಾಕೆ? ನಾನೇನು ಬೆಣ್ಣೆಯಲ್ಲಿ ಮಾಡಿದವನೇನಯ್ಯ? ಕೋಲು ತಗೊಂಡು ಬಾರಿಸು!"

ಈ ಬಾಯಿ ನನ್ನದಾದರೂ ನನ್ನ ಮಾತು ಕೇಳುವುದಿಲ್ಲ. ತಿರುಮಲಮ್ಮ ನನ್ನ ಮರಗಟ್ಟಿದ ತೋಳನ್ನು ಸಿಟ್ಟಿನಿಂದ ಚಿವುಟಿದಳು, ವ್ಯರ್ಥವಾಗಿ. ಸಾಕಮ್ಮ ನನ್ನ ಮುಖವನ್ನೊಮ್ಮೆ ನೋಡಿ ತಾಯಿಯ ಹಿಂದೆ ಹೋಗಿ ನಿಂತಳು.

ತಮಟೆ ಶುರುವಾಯಿತು. ನಾವಿಬ್ಬರೂ ಹಿಂದೆ ನಡೆದೆವು. ಒಂದೊಂದು ಏಟಿಗೂ ನನ್ನ ಕುತ್ತಿಗೆ ಕುಗ್ಗುತ್ತಿತ್ತು. ನೋವಿಲ್ಲ, ಏನೂ ಇಲ್ಲ, ಬರಿಯ ಸದ್ದು. ಆದರೂ ಪ್ರತಿಯೊಂದೂ ನನ್ನ ವಿಳಾಸ ಬರೆಸಿಕೊಂಡು ಹೋಗುತ್ತಿರುವುದು ಗೊತ್ತಿತ್ತು. ಕಣ್ಣು ಬಿರುಕಿನ ಮೇಲೆಯೇ ನೆಟ್ಟಿತ್ತು. ಹೊಂಬಾಳಯ್ಯ ಜಾಣ, ಬಿರುಕಿನ ಕಡೆಗೆ ಕೋಲು ಹೋಗದಂತೆ ಬಾರಿಸುತ್ತಿದ್ದ. ಆದರೂ ಅದು ತೆವಳುತ್ತಿತ್ತು. ಅಂಚಿನಿಂದ ಬೆರಳಗಲ. ಆಮೇಲೆ ಇನ್ನಷ್ಟು. ನನಗೆ ಗೊತ್ತಿರುವ ದೇವರುಗಳನ್ನೆಲ್ಲ ಕರೆದೆ, ಗೊತ್ತಿಲ್ಲದವರನ್ನೂ ಅಂದಾಜಿನಲ್ಲಿ ಕರೆದೆ. ಗುಂಡಿಯ ಹತ್ತಿರ ಬಂದಾಗ ಬಿರುಕು ಅರ್ಧ ಚರ್ಮಕ್ಕೆ ಬಂದು ನಿಂತಿತ್ತು.

ಸಾಕಮ್ಮ ಬಟ್ಟೆ ಸರಿಸಿ ತಾಯಿಯ ಬಲಗೈ ಎತ್ತಿದಳು. ಸಣಕಲು ಕೈ. ನಾನು ಅತ್ತ ತಿರುಗಬೇಕೆಂದುಕೊಂಡೆ, ತಿರುಗಲಾಗಲಿಲ್ಲ. ಆ ಕೈ ತಮಟೆಯ ಮೇಲೆ ಕೂತಿತು. ಸದ್ದು ನಿಂತಿತು.

ಮನೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತೆ. ಹೊಂಬಾಳಯ್ಯ ತಮಟೆಯನ್ನು ತಂದು ತಿರುಮಲಮ್ಮನ ಹಳೆಯ ಸೀರೆಯಲ್ಲಿ ಸುತ್ತಿಟ್ಟು, ಒಳಗೆ ಬಾ ಎಂದರೂ ಬರದೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಬಿಸಿಲು ಇಳಿಯುತ್ತಿತ್ತು. ಕಾಯುವುದರಷ್ಟು ಕೆಟ್ಟದ್ದು ಬೇರೊಂದಿಲ್ಲ. ಕೈ ಬಾರದೇ ಹೋದರೆ ಎಂದು ಒಂದು ಭಯ, ಬಂದರೆ ಎಂದು ಇನ್ನೊಂದು ಭಯ.

ಹೆಗಲಿನಲ್ಲಿ ಇರುವೆ ಹರಿದಂತಾಯಿತು.

"ಬಂತು," ಎಂದೆ.

ಮೊದಲು ನಗು ಬಂತು, ಹೊಂಬಾಳಯ್ಯ ಹೆಗಲಿಗೇರಿಸಿದಾಗಿನ ಕಚಗುಳಿ. ಹಿಂದೆಯೇ ಬೆಂಕಿ. ತೋಳು ಉದ್ದಕ್ಕೂ ಹುರಿದಂತೆ. ಅದು ಆರುವ ಮೊದಲೇ ಕೋಲು ಬಿತ್ತು. ನಾನು ಕೂಗಿದ ಕೂಗಿಗೆ ಕೆರೆಯ ನೀರು ದಡ ದಾಟಿತು, ಹಾರುವ ಹಕ್ಕಿಗಳು ದಿಕ್ಕು ತಪ್ಪಿ ಪಕ್ಕದ ಜಿಲ್ಲೆಗೆ ಹೋದವು. ಬೇಕಾದರೆ ಆ ಜಿಲ್ಲೆಯವರನ್ನು ಕೇಳಿ. ಏಟಿನ ಮೇಲೆ ಏಟು, ಉಸಿರಿಗೆ ಎಡೆ ಕೊಡದ ಅದೇ ತಾಳ. ತಿರುಮಲಮ್ಮ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಹೊಂಬಾಳಯ್ಯ ಅಂಗಳದಲ್ಲಿ ಎರಡೂ ಕಿವಿ ಮುಚ್ಚಿಕೊಂಡು, "ಇನ್ನೊಂಚೂರು ಶೆಟ್ರೇ, ಈಗ ಏರಿ ದಾಟಿದ್ದು, ಈಗ ಹುಣಸೆಮರ ಬಂತು," ಎಂದು ದಾರಿ ಹೇಳುತ್ತಿದ್ದ. ಬಿರುಕು ಹರಿದ ಗೆರೆ ಮೊಣಕೈವರೆಗೂ ಬ್ಲೇಡಿನಲ್ಲಿ ಗೀರಿದಂತೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಗುಂಡಿ ಬಂತು," ಎಂದ ಹೊಂಬಾಳಯ್ಯ, ಮೆಲ್ಲಗೆ. ಏಟುಗಳು ನಿಂತವು.

ಮುಂದೇನೆಂದು ಮೂವರಿಗೂ ಗೊತ್ತಿತ್ತು. ಹೊಂಬಾಳಯ್ಯ ತಲೆ ತಗ್ಗಿಸಿದ. ತಿರುಮಲಮ್ಮನ ಹಿಡಿತ ಬಿಗಿಯಾಯಿತು. ಎದ್ದು ಓಡಿಹೋಗೋಣವೆನಿಸಿತು, ಸ್ವಂತ ತೋಳಿನಿಂದ ಎಲ್ಲಿಗೆ ಓಡುವುದು? ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ತಮಟೆ ಮತ್ತೆ ಶುರುವಾಯಿತೇ ಎಂದುಕೊಂಡೆ.

ಮೊದಲು ತಣ್ಣಗಾಯಿತು. ಆಮೇಲೆ ಒಂದೊಂದಾಗಿ ಬೆರಳುಗಳು. ಒರಟು ತುದಿಗಳು, ಗಾಜು ಆರಿಸಿ ಆರಿಸಿ ಗೀರು ಬಿದ್ದ ಅಂಗೈ. ಭಾರವೇ ಇರಲಿಲ್ಲ. ನಾನು ಹಿಡಿದ ಹೆಂಗಸರ ಕೈಗಳೆಲ್ಲ ಎಲ್ಲಿ ನೋವಾಗುತ್ತದೋ ಎಂದು ಒಂದಿಷ್ಟು ಬಿಗಿದುಕೊಂಡಿರುತ್ತವೆ. ಈ ಕೈ ಯಾವುದಕ್ಕೂ ಬಿಗಿದುಕೊಂಡಿರಲಿಲ್ಲ.

"ನೋವಾ ರೀ?" ತಿರುಮಲಮ್ಮ ಕೇಳಿದಳು. "ಏನಾದ್ರೂ ಮಾತಾಡಿ. ಭಯ ಆಗುತ್ತೆ ನಂಗೆ."

ಹೇಳಲು ಏನೂ ಹೊಳೆಯಲಿಲ್ಲ. ಮೈಯೆಲ್ಲ ಬೆವೆತು, ಹಲ್ಲು ಕಟಕಟಿಸುತ್ತಿದ್ದರೂ ತೋಳನ್ನು ಮಾತ್ರ ಅಲ್ಲಾಡಿಸಲಿಲ್ಲ. ಆ ಕೈ ತಾನಾಗಿ ಏಳುವವರೆಗೂ ಕಂಬಕ್ಕೆ ಒರಗಿ ಹಾಗೆಯೇ ಇಟ್ಟುಕೊಂಡು ಕೂತಿದ್ದೆ.